ಹೊಟ್ಟೆ ತುಂಬಿದ ನೀರು

ನನ್ನ ಹೆಂಡತಿ ಹೆಣ್ಣುಮಕ್ಕಳ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ನಾನು ದರ್ಜಿ. ಅವಳ ಪಾಠದಲ್ಲಿ ನನ್ನ ಪಾಲು ಎಂದರೆ ಒಂದು ಎಳೆ ದಾರ ಮಾತ್ರ. ಕ್ಷೌರದಂಗಡಿಯಲ್ಲಿ ಗಾಯಕ್ಕೆ ಉಜ್ಜುತ್ತಾರಲ್ಲ, ಆ ಪಟಿಕದ ಕಲ್ಲನ್ನು ಅವಳು ಬಿಸಿನೀರಿನಲ್ಲಿ ಕರಗಿಸಿ ಗಾಜಿನ ಜಾಡಿಗೆ ತುಂಬಿದ್ದಳು. ನನ್ನ ದಾರದ ತುದಿಗೆ ಸಾಸಿವೆಯಷ್ಟು ಹರಳೊಂದನ್ನು ಕಟ್ಟಿ ಅದರೊಳಗೆ ಇಳಿಬಿಟ್ಟಳು. ಆಮೇಲೆ ವರ್ಷಗಟ್ಟಲೆ ಅದನ್ನು ಬೆಳೆಸಿದಳು. ಕೊನೆಗೆ ಅದು ನಿಂಬೆಹಣ್ಣಿನ ಗಾತ್ರಕ್ಕೆ ಬಂದಿತ್ತು. ಎಂಟು ಮುಖ, ಅಂಚು ಕತ್ತರಿಯಲ್ಲಿ ಕತ್ತರಿಸಿದಂತೆ. ನಾನು ಎಷ್ಟೇ ಒಳ್ಳೆಯ ಬಟ್ಟೆ ಹೊಲಿದರೂ ಅಷ್ಟು ನೇರವಾದ ಅಂಚು ನನಗೆ ಎಂದೂ ಬರಲಿಲ್ಲ.

"ನೀರಿಗೂ ಒಂದು ಹೊಟ್ಟೆ ಇದೆ" ಎಂದು ಅವಳು ಮಕ್ಕಳಿಗೆ ಹೇಳುತ್ತಿದ್ದಳು. "ಬಿಸಿ ನೀರಿಗೆ ಹಸಿವು ಜಾಸ್ತಿ. ತಣ್ಣೀರಿಗೆ ಕಡಿಮೆ. ಹೊಟ್ಟೆ ತುಂಬಿದ ನೀರಿನಲ್ಲಿ ಹರಳಿಟ್ಟರೆ ಅದು ಹರಳನ್ನು ಮುಟ್ಟಲ್ಲ. ಬದಲಿಗೆ ನೀರು ಆರುತ್ತಾ ಹೋದ ಹಾಗೆ ತನ್ನ ಹೊಟ್ಟೆಯಲ್ಲಿದ್ದದ್ದನ್ನೇ ಸ್ವಲ್ಪ ಸ್ವಲ್ಪ ಹರಳಿಗೆ ಕೊಡುತ್ತೆ." ಪುಸ್ತಕದಲ್ಲಿ ಅದಕ್ಕೆ ಪರ್ಯಾಪ್ತ ದ್ರಾವಣ ಎಂಬ ಹೆಸರಿತ್ತು. ಆದರೆ ಅವಳ ತರಗತಿಯಲ್ಲಿ ಓದಿದ ಹುಡುಗಿಯರೆಲ್ಲ ಅದನ್ನು ಹೊಟ್ಟೆ ತುಂಬಿದ ನೀರು ಎಂದೇ ಕರೆದರು, ಅವಳನ್ನು ಹರಳು ಟೀಚರ್ ಎಂದು ಕರೆದರು.

ನಿವೃತ್ತಳಾದ ಮೇಲೆ ಜಾಡಿಯನ್ನು ಮನೆಗೆ ತಂದು ಬಟ್ಟೆಯ ಬೀರುವಿನ ಕೆಳಗಿನ ಅರೆಯಲ್ಲಿಟ್ಟಳು. ಅಲ್ಲಿ ಗಾಳಿಯಿಲ್ಲ, ಬಿಸಿಲಿಲ್ಲ, ಯಾರೂ ಎಡವುವುದಿಲ್ಲ. ಧೂಳು ಬೀಳಬಾರದೆಂದು ನನ್ನ ಕೈಯಲ್ಲಿ ಜಾಡಿಗೊಂದು ಗವಸು ಹೊಲಿಸಿಕೊಂಡಳು. ಅಳತೆ ಕೊಡುವಾಗ "ಸೊಂಟ ಸ್ವಲ್ಪ ದಪ್ಪ, ಹುಷಾರು" ಎಂದು ನಕ್ಕಳು. ವರ್ಷಕ್ಕೊಮ್ಮೆ ದ್ರಾವಣದ ಪಾಠದ ದಿನ ಅದನ್ನು ಶಾಲೆಗೆ ಕೊಂಡೊಯ್ದು ತೋರಿಸಿ ತರುತ್ತಿದ್ದಳು.

ಅವಳು ತೀರಿಕೊಂಡದ್ದು ಕಾಯಿಲೆಯಿಂದ. ಬೇಗನೆ ಆಯಿತು. ಅದನ್ನು ಬರೆಯುವುದಕ್ಕೆ ನನ್ನಲ್ಲಿ ಮಾತಿಲ್ಲ. ಭಗವಂತನ ಇಚ್ಛೆ ಎಂದು ಬಂದವರೆಲ್ಲ ಹೇಳಿದರು. ನಾನೂ ತಲೆಯಾಡಿಸಿದೆ. ಚಿಕ್ಕಂದಿನಿಂದ ಬೆಳಗಿನ ಪ್ರಾರ್ಥನೆಯನ್ನು ತಪ್ಪಿಸದವನು ನಾನು. ಆದರೆ ಆ ದಿನಗಳಲ್ಲಿ ದೇವರ ಹಲಗೆಯ ಮುಂದೆ ಕೂತರೆ ಬಾಯಿಗೆ ಬಂದದ್ದು ಹೊರಗೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಬೀರು ತೆರೆದು, ಜಾಡಿಯನ್ನು ಎತ್ತಿ ತಂದು ದೇವರ ಹಲಗೆಯ ಮೇಲೆ ದೀಪದ ಪಕ್ಕದಲ್ಲಿಟ್ಟೆ. ಗವಸು ತೆಗೆದಾಗ ದೀಪದ ಬೆಳಕು ಹರಳಿನೊಳಗೆ ಹೊಕ್ಕು ಗೋಡೆಯ ಮೇಲೆ ಬಿತ್ತು. ಅಂದು ಪ್ರಾರ್ಥನೆ ಬಂತು. ಕೈ ದೇವರಿಗೆ ಮುಗಿದಿತ್ತು, ಕಣ್ಣು ಹರಳಿನ ಮೇಲಿತ್ತು. ಇದು ಸರಿಯೋ ತಪ್ಪೋ ಎಂದು ನಾನು ಕೇಳಿಕೊಳ್ಳಲಿಲ್ಲ.

ನನ್ನ ಒಂಟಿತನ ನೋಡಲಾಗದೆ ಅಕ್ಕ ಬಂದಳು. ಭಾವ ತೀರಿಹೋದ ಮೇಲೆ ಅವಳು ಮಗಳ ಮನೆಯಲ್ಲಿದ್ದಳು. ಗಂಟುಮೂಟೆ ಸಮೇತ ಬಂದು ಬಾಗಿಲಲ್ಲೇ "ಪುಟ್ಟಾ, ಇನ್ಮೇಲೆ ನಾನು ಇಲ್ಲೇ. ನೀನು ಬೇಡ ಅಂದ್ರೂ ಹೋಗಲ್ಲ" ಎಂದಳು. ಮೊಮ್ಮಕ್ಕಳನ್ನು ಕಾಣುವ ವಯಸ್ಸು ನನ್ನದು. ಆದರೆ ಅವಳ ಬಾಯಲ್ಲಿ ಈಗಲೂ ಪುಟ್ಟನೇ. ಅವಳು ಬಂದ ಮೇಲೆ ಒಲೆ ಹತ್ತಿತು, ಕಿಟಕಿಗಳು ತೆರೆದವು. ಶಾಲೆಗಳು ಶುರುವಾಗುವ ಕಾಲ ಬೇರೆ, ಸಮವಸ್ತ್ರದ ಕೆಲಸ ರಾಶಿಬಿದ್ದಿತ್ತು. ನಾನು ಬೆಳಗಾಗುತ್ತಲೇ ಅಂಗಡಿಗೆ ಓಡತೊಡಗಿದೆ. ದೀಪ ಹಚ್ಚುವುದನ್ನೂ ದೇವರ ಮುಂದೆ ಲೋಟದಲ್ಲಿ ಹೊಸ ನೀರಿಡುವುದನ್ನೂ ಅಕ್ಕ ತನ್ನ ಕೈಗೆ ತೆಗೆದುಕೊಂಡಳು. ನಾನು ಹೊರಡುವ ಮುಂಚೆ ಗವಸು ಹಾಕಿದ ಜಾಡಿಗೆ ಕೈ ಮುಗಿದು ಚಪ್ಪಲಿ ಮೆಟ್ಟುತ್ತಿದ್ದೆ.

ಒಂದು ರಜೆಯ ದಿನ ನಿಧಾನವಾಗಿ ಎದ್ದು ಬಂದೆ. ಅಕ್ಕ ಜಾಡಿಯನ್ನು ಎದೆಗವಚಿಕೊಂಡು ಬಚ್ಚಲಿನ ಕಡೆ ಹೋಗುತ್ತಿದ್ದಳು.

"ಅದನ್ನ ಎಲ್ಲಿಗೆ ತಗೊಂಡು ಹೋಗ್ತಿದೀಯಾ?" ಎಂದೆ.

"ನೀರು ಬದಲಾಯಿಸೋಣ ಅಂತ. ಭಾರ ನೋಡು, ದಿನಾ ಆಗಲ್ಲ. ನಾನು ಬಂದ ಹೊಸದರಲ್ಲಿ ಒಂದು ಸಲ ಬದಲಾಯಿಸಿದ್ದೆ. ಅಯ್ಯೋ, ಆವಾಗ ಎಂಥಾ ಹಳೇ ನೀರಿತ್ತು! ಅಂಚಿಗೆಲ್ಲ ಬಿಳೀ ಕರೆ ಕಟ್ಟಿತ್ತು. ಚೆಲ್ಲಿ, ಉಜ್ಜಿ ತೊಳೆದು, ಕಂಠದವರೆಗೂ ಹೊಸ ನೀರು ತುಂಬಿಸಿಟ್ಟೆ."

ನಾನು ಅವಳ ಕೈಯಿಂದ ಜಾಡಿಯನ್ನು ಕಸಿದು ಮೇಜಿನ ಮೇಲಿಟ್ಟು ಗವಸು ಎಳೆದೆ. ಒಳಗೆ ತಿಳಿನೀರಿತ್ತು. ನೀರಿನಲ್ಲಿ ನನ್ನ ದಾರ ನೇತಾಡುತ್ತಿತ್ತು. ತುದಿಯಲ್ಲಿ ನನ್ನ ಹೆಂಡತಿ ಹಾಕಿದ ಗಂಟಿತ್ತು. ಗಂಟಿನೊಳಗೆ ಏನೂ ಇರಲಿಲ್ಲ.

ಆಗಿದ್ದು ಏನೆಂದು ನನಗೆ ತಿಳಿಯಿತು. ಹೊಟ್ಟೆ ತುಂಬಿದ ನೀರು ಬಚ್ಚಲಿಗೆ ಹೋಗಿತ್ತು. ಹಸಿದ ನೀರು ಬಂದು ಹರಳನ್ನು ತಿಂದಿತ್ತು.

"ಕಲ್ಲು ಎಲ್ಲಿ?" ಎಂದಳು ಅಕ್ಕ, ಬಗ್ಗಿ ನೋಡಿ. "ಕಲ್ಲಿತ್ತಲ್ಲೋ ಒಳಗೆ!"

ನಾನು ಆಗ ಆಡಿದ ಮಾತನ್ನು ಬರೆಯಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. "ಕಾಯಿಲೆ ಅವಳನ್ನ ತಗೊಂಡು ಹೋಯ್ತು. ಉಳಿದಿದ್ದಷ್ಟನ್ನ ನೀನು ತೊಳೆದು ಹಾಕಿದೆ" ಎಂದೆ.

ಅಕ್ಕನ ಮುಖ ಒಂದು ಕ್ಷಣ ಮಗುವಿನ ಮುಖದಂತಾಯಿತು. ಆಮೇಲೆ ಗಟ್ಟಿಯಾಯಿತು. "ದೇವರ ಹಲಗೆ ಮೇಲೆ ಇಟ್ಟವನು ನೀನು. ದೇವರ ಮುಂದಿನ ನೀರು ಹಳಸಬಾರದು ಅಂತ ಅಮ್ಮ ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ದು. ಅಲ್ಲಿರೋದೆಲ್ಲ ದೇವರದ್ದು ಅಂದ್ಕೊಂಡೆ ನಾನು. ನಿನ್ನ ಹೆಂಡತೀದು ಅಂತ ನಂಗೆ ಯಾರು ಹೇಳಿದ್ರು?"

ಉತ್ತರವಿಲ್ಲದ ಸಿಟ್ಟು ಇನ್ನೂ ಕೆಟ್ಟದ್ದು. ಆ ದಿನವೆಲ್ಲ ನಾನು ಮಾತಾಡಲಿಲ್ಲ. ತಟ್ಟೆ ಇಟ್ಟಳು, ಉಂಡೆ. ತಟ್ಟೆ ತೆಗೆದಳು, ಎದ್ದೆ. ಮಾರನೆಯ ಬೆಳಿಗ್ಗೆ ಅಕ್ಕನ ಚೀಲ ಬಾಗಿಲ ಪಕ್ಕದಲ್ಲಿ ತುಂಬಿ ನಿಂತಿತ್ತು.

"ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ. ಮಗಳು ಬಾ ಬಾ ಅಂತಿದಾಳೆ" ಎಂದಳು. ಮಗಳು ಹಾಗೆ ಹೇಳಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆ ಮನೆಯಲ್ಲಿ ಅಕ್ಕನ ಹಾಸಿಗೆಗೆ ಜಾಗವಿದ್ದದ್ದು ಓಡಾಡುವ ದಾರಿಯಲ್ಲಿ.

ಬೇಡ ಎನ್ನಬೇಕಿತ್ತು. ಅದರ ಬದಲು ಜಾಡಿಗೆ ಗವಸು ಹಾಕಿ ಎತ್ತಿಕೊಂಡೆ. "ಶಾಲೆ ಹತ್ರ ಹೋಗಿ ಬರ್ತೀನಿ" ಎಂದು ಹೊರಟುಬಿಟ್ಟೆ. ನನ್ನ ಹೆಂಡತಿಯ ಕೈಕೆಳಗೆ ಓದಿದ ಹುಡುಗಿಯೊಬ್ಬಳು ಈಗ ಅವಳ ಜಾಗದಲ್ಲಿ ಪಾಠ ಮಾಡುತ್ತಿದ್ದಳು. ಹರಳು ಮತ್ತೆ ಬರುತ್ತದೆಯೇ ಎಂದು ಅವಳನ್ನು ಕೇಳಬೇಕೆಂಬುದು ನನ್ನ ಯೋಚನೆ. ಬಂದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂಬ ಒಂದು ಹುಚ್ಚು ನಂಬಿಕೆಯೂ ಇತ್ತು.

ಬೀದಿಯ ತಿರುವಿನಲ್ಲಿ ಕ್ಷೌರದಂಗಡಿಯವನು ಗಿರಾಕಿಯ ಕೆನ್ನೆಗೆ ನೊರೆ ಬಳಿಯುತ್ತಾ ಕೂಗಿದ. "ಏನು ಟೈಲರೇ, ಜಾಡಿಗೂ ಕೋಟು ತೊಡಿಸಿದೀರಿ! ನಮ್ಮ ಪ್ಯಾಂಟು ಮಾತ್ರ ಇನ್ನೂ ನಾಳೆ, ನಾಳೆ."

"ಜಾಡಿ ನಿನ್ನ ಹಾಗೆ ತಿಂಗಳಿಗೊಂದು ಅಳತೆ ಆಗಲ್ಲ ಮಾರಾಯ" ಎಂದೆ. ಬಾಯಿಗೆ ರೂಢಿಯಾದ ಮಾತು ತಾನೇ ಬಂತು. ಗಿರಾಕಿ ನಕ್ಕ. ಅವನ ಗಲ್ಲದ ಮೇಲೆ ಕತ್ತಿ ತಾಗಿ ಕೆಂಪಗಾಗಿತ್ತು. ಕ್ಷೌರಿಕ ಪಟಿಕದ ಕಲ್ಲನ್ನು ನೀರಿಗದ್ದಿ ಅದರ ಮೇಲೆ ಉಜ್ಜುತ್ತಿದ್ದ. ಅವನ ಕಲ್ಲು ದಿನದಿನಕ್ಕೆ ಸವೆದು ಸೋಪಿನ ಚೂರಿನಂತಾಗಿತ್ತು. ಅದು ಯಾರ ಯಾರ ಕೆನ್ನೆಗೋ ಹೋಗಿತ್ತು. ಅದಕ್ಕಾಗಿ ಯಾರೂ ಅತ್ತಿರಲಿಲ್ಲ.

ಶಾಲೆಯ ಪ್ರಯೋಗಾಲಯದ ಬಾಗಿಲು ತೆರೆದಿತ್ತು. ಉದ್ದನೆಯ ಕಲ್ಲಿನ ಮೇಜುಗಳು, ಬಣ್ಣ ಕುಡಿದು ಕಲೆಯಾದ ತೊಟ್ಟಿ, ಗಾಜಿನ ಬೀಕರುಗಳು. ಟೀಚರು ನನ್ನನ್ನು ಕಂಡು "ಬನ್ನಿ ಮಾವ" ಎಂದು ಎದುರು ಬಂದಳು. ಅವಳ ಮೊದಲ ಸಮವಸ್ತ್ರ ಹೊಲಿದವನು ನಾನು. "ಸರಿಯಾದ ದಿನ ತಂದಿದೀರಿ. ಇವತ್ತು ದ್ರಾವಣದ ಪಾಠವೇ" ಎಂದು ಗವಸು ತೆಗೆದವಳು ಹಾಗೇ ನಿಂತಳು.

ನಾನು ಸಣ್ಣ ದನಿಯಲ್ಲಿ ಆದದ್ದನ್ನು ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ, "ಹರಳು ಕರಗಿದ ನೀರು ಇದೇ ತಾನೇ? ಇದನ್ನ ಚೆಲ್ಲಿಲ್ಲ ಅಲ್ವಾ?"

"ಚೆಲ್ಲೋದರಲ್ಲಿದ್ದಳು. ಅಷ್ಟರಲ್ಲಿ ನಾನು ನೋಡಿದೆ."

"ಸದ್ಯ! ಹಾಗಾದ್ರೆ ಎಲ್ಲಾ ಇಲ್ಲೇ ಇದೆ. ಮುಂಚೆ ಚೆಲ್ಲಿದ್ದು ಸುತ್ತ ಇದ್ದ ನೀರು. ಹರಳಿಗೆ ಹರಳೇ ಈ ನೀರಲ್ಲಿದೆ." ಆಮೇಲೆ ಗವಸಿಗೆ ಹತ್ತಿದ್ದ ಮಸಿಯನ್ನು ಬೆರಳಿನಿಂದ ಒರೆಸಿ, "ದೀಪದ ಪಕ್ಕ ಇಟ್ಟಿದ್ರಾ? ಶಾಖಕ್ಕೆ ನೀರಿನ ಹಸಿವು ಜಾಸ್ತಿ ಆಗತ್ತೆ. ಮೇಡಂ ಇದ್ದಿದ್ರೆ ಬೈದುಬಿಡ್ತಿದ್ರು" ಎಂದಳು.

"ಬೈಯೋಕಾದ್ರೂ ಬರಲಿ" ಎಂದೆ. ಅವಳು ತಲೆ ತಗ್ಗಿಸಿದಳು.

ನನ್ನನ್ನು ಹಿಂದಿನ ಬೆಂಚಿನ ಮೇಲೆ ಕೂರಿಸಿ ಪಾಠ ಮುಂದುವರಿಸಿದಳು. "ತಾತಾ, ನಿಮ್ಮ ಜೇಬಲ್ಲಿ ಸೀಮೆಸುಣ್ಣ ಇದೆ" ಎಂದಳು ಮುಂದೆ ಕೂತಿದ್ದ ಎರಡು ಜಡೆಯ ಹುಡುಗಿ. ಬಟ್ಟೆಗೆ ಗುರುತು ಹಾಕುವ ಸುಣ್ಣ ಯಾವಾಗಲೂ ನನ್ನ ಜೇಬಿನಿಂದ ಇಣುಕುತ್ತಿರುತ್ತದೆ. ಟೀಚರು ಅದನ್ನೇ ಕೇಳಿ ಪಡೆದು, ಪುಡಿಮಾಡಿ ಒಂದು ಬೀಕರಿನ ನೀರಿಗೆ ಹಾಕಿ ಕಲಕಿದಳು. ನೀರು ಹಾಲಿನಂತಾಯಿತು. ಇನ್ನೊಂದು ಬೀಕರಿಗೆ ನನ್ನ ಜಾಡಿಯ ನೀರು ಸ್ವಲ್ಪ ಸುರಿದಳು. ಅದು ತಿಳಿಯಾಗಿತ್ತು.

"ಎರಡರಲ್ಲಿ ಯಾವುದರಲ್ಲಿ ಏನೋ ಸೇರಿದೆ?"

"ಬಿಳೀದರಲ್ಲಿ ಮೇಡಂ!" ಎಂದಿತು ತರಗತಿ ಒಂದೇ ಕಂಠದಲ್ಲಿ.

"ಸ್ವಲ್ಪ ಹೊತ್ತು ಸುಮ್ಮನೆ ನೋಡಿ."

"ನಮಗೆ ಸುಮ್ಮನಿರೋಕೆ ಬರಲ್ಲ ಮೇಡಂ" ಎಂದಳು ಎರಡು ಜಡೆ.

"ಗೊತ್ತು ಕಣಮ್ಮ. ಅದಕ್ಕೇ ಇದು ಪ್ರಯೋಗ."

ನಿಂತ ನೀರಿನಲ್ಲಿ ಸುಣ್ಣ ಮೆಲ್ಲಗೆ ಇಳಿಯಿತು. ಮೇಲೆ ತಿಳಿ, ತಳದಲ್ಲಿ ಕೆಸರು. ಬಟ್ಟೆಯಲ್ಲಿ ಸೋಸಿದರೆ ಇದು ಬಟ್ಟೆಯಲ್ಲೇ ನಿಲ್ಲುತ್ತದೆ, ಇದು ಬರೀ ಮಿಶ್ರಣ ಎಂದಳು ಟೀಚರು. ಇನ್ನೊಂದನ್ನು ಮಡಿಸಿದ ಸೋಸುಕಾಗದದಲ್ಲಿ ಸೋಸಿದಳು. ಕಾಗದದಲ್ಲಿ ಏನೂ ಉಳಿಯಲಿಲ್ಲ. "ಇದರೊಳಗೆ ಮೇಡಂ ಬೆಳೆಸಿದ ಹರಳಿದೆ. ಎಷ್ಟು ಹೊತ್ತು ಬಿಟ್ಟರೂ ತಳಕ್ಕೆ ಇಳಿಯಲ್ಲ, ಸೋಸಿದರೂ ಸಿಗಲ್ಲ. ಮೇಲಿನ ಹನಿಯಲ್ಲೂ ಅಷ್ಟೇ ಇದೆ, ಕೆಳಗಿನ ಹನಿಯಲ್ಲೂ ಅಷ್ಟೇ ಇದೆ. ಇದು ದ್ರಾವಣ" ಎಂದು ಆ ನೀರನ್ನು ಮತ್ತೆ ಜಾಡಿಗೇ ಸುರಿದಳು.

ನಾನು ಸುಣ್ಣದ ಬೀಕರನ್ನೇ ನೋಡುತ್ತಾ ಕೂತೆ. ಹಿಂದಿನ ದಿನ ಅಕ್ಕನಿಗೆ ಆಡಿದ ಮಾತು ಒಂದು ರಾತ್ರಿ ಕಳೆದರೆ ಹೀಗೆ ತಳಕ್ಕೆ ಇಳಿಯುತ್ತದೆ ಎಂದುಕೊಂಡಿದ್ದೆ. ಮನೆಯಲ್ಲಿ ಸಿಟ್ಟುಗಳು ಹಾಗೇ ಇಳಿಯುತ್ತವೆ. ಆದರೆ ಬೆಳಿಗ್ಗೆ ಅವಳು ಎದುರಿಗೆ ಬಂದಾಗ ಅವಳ ಮುಖ ತಿಳಿಯಾಗಿತ್ತು, ದನಿ ತಿಳಿಯಾಗಿತ್ತು. ಬಸ್ಸಿನ ಮಾತಾಡಿದಳು, ಒಗೆದ ಬಟ್ಟೆ ಒಳಗೆ ತರಬೇಕೆಂದು ನೆನಪಿಸಿದಳು. ನನ್ನ ಮಾತು ಕೆಸರಾಗಿ ಎಲ್ಲೂ ಕೂತಿರಲಿಲ್ಲ. ಅದು ಕರಗಿತ್ತು. ಅವಳ ಒಂದೊಂದು ಮಾತಿನಲ್ಲೂ ಅಷ್ಟಷ್ಟಿತ್ತು.

ಟೀಚರು ಜಾಡಿಯ ನೀರಿನ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ಕಿಟಕಿಯ ಬಿಸಿಲಲ್ಲಿಟ್ಟಿದ್ದಳು. ಪಾಠ ಮುಗಿಯುವ ಹೊತ್ತಿಗೆ ಹನಿ ಆರಿ ಬೆಳ್ಳಗೊಂದು ಗುರುತು ಉಳಿದಿತ್ತು. ಭೂತಗನ್ನಡಿ ಕೊಟ್ಟು "ನೋಡಿ ಮಾವ" ಎಂದಳು. ಮೊದಲು ಏನೂ ಕಾಣಲಿಲ್ಲ. ಕನ್ನಡಿಯನ್ನು ಹಿಂದೆ ಮುಂದೆ ಮಾಡಿದೆ. ಆಮೇಲೆ ಕಂಡವು. ಸೂಜಿಯ ಮೊನೆಗೂ ಸಣ್ಣವು, ಎಷ್ಟೋ. ಒಂದೊಂದರ ಅಂಚೂ ನೇರ, ಒಂದೊಂದರ ಮುಖವೂ ಕತ್ತರಿಸಿದ ಹಾಗೆ. ನಿಂಬೆಹಣ್ಣಿನಷ್ಟಿದ್ದದ್ದರ ರೂಪವನ್ನೇ ಹೊತ್ತು ಕೂತಿದ್ದವು. ಭಗವಂತಾ ಎಂದೆ. ಬಹಳ ದಿನಗಳ ಮೇಲೆ ಆ ಮಾತು ಏನನ್ನೂ ಕೇಳದೆ ಬಾಯಿಂದ ಬಂತು.

"ಹಾಗಾದ್ರೆ ಅದು ಮತ್ತೆ ಬರುತ್ತಾ ಮಗು?"

ಅವಳು ಗಾಜಿನ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. "ಪಟಿಕ ಬರತ್ತೆ ಮಾವ. ಇದೇ ರೂಪದ ಹರಳೂ ಬರತ್ತೆ. ಆದರೆ ಮೇಡಂ ಬೆಳೆಸಿದ ಆ ಹರಳು ಬರಲ್ಲ. ನಾನು ಸುಳ್ಳು ಹೇಳಬಾರದು."

"ಸರಿ" ಎಂದೆ. ಅವಳ ಗುರುವೂ ಸುಳ್ಳು ಹೇಳುವವಳಲ್ಲ. "ಕುದಿಸಿದರೆ ಬೇಗ ಬರುತ್ತಾ?"

"ಬರತ್ತೆ, ಪುಡಿಪುಡಿಯಾಗಿ. ದೊಡ್ಡದು ಬೇಕಾದ್ರೆ ಕಾಯಬೇಕು. ನೀರು ಅರ್ಧಕ್ಕಿಂತ ಕೆಳಗೆ ಇಳಿಯೋ ತನಕ ಏನೂ ಕಾಣಲ್ಲ. ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿ, ಅಲುಗಾಡದ ಕಡೆ ಇಡಿ. ಆಗಾಗ ನೋಡ್ತಿರಬೇಕು, ಹುಳ ಗಿಳ ಬೀಳಬಾರದು. ನೀವು ಅಂಗಡಿಗೆ ಹೋದಾಗ ಮನೇಲಿ ಯಾರಾದ್ರೂ ಇರ್ತಾರಾ?"

"ಇರ್ತಾಳೆ, ನಮ್ಮಕ್ಕ" ಎಂದೆ. ಗೋಡೆಯ ಗಡಿಯಾರ ನೋಡಿದೆ. ಬಸ್ಸಿನ ಹೊತ್ತಾಗಿತ್ತು.

ಜಾಡಿ ಎತ್ತಿಕೊಂಡು ಹೊರಟೆ. ಓಡಬೇಕು, ಆದರೆ ಜಾಡಿ ಕುಲುಕಬಾರದು. ತುಂಬಿದ ಜಾಡಿ ಹಿಡಿದ ಮುದುಕ ಎಷ್ಟು ಬೇಗ ನಡೆಯಬಹುದೋ ಅಷ್ಟು ಬೇಗ ನಡೆದೆ. ಹಿಂದಿನಿಂದ ಬಂದ ಸೈಕಲ್ಲಿನವನು ಗಂಟೆ ಬಾರಿಸಿದ. "ಯಜಮಾನ್ರೇ, ಬದಿಗೆ ಬನ್ನಿ, ಮೆರವಣಿಗೆ ಆಮೇಲೆ ಮಾಡಿ" ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಹೋಗುವ ತಿರುವಿನಲ್ಲಿ ತಿರುಗದೆ ನೇರವಾಗಿ ಬಸ್ಸಿನ ನಿಲ್ದಾಣಕ್ಕೆ ಹೋದೆ.

ಅಕ್ಕ ಸಿಮೆಂಟಿನ ಬೆಂಚಿನ ಮೇಲೆ ಚೀಲ ಅವಚಿಕೊಂಡು ಕೂತಿದ್ದಳು. ನನ್ನನ್ನು ಕಂಡೂ ಕಾಣದವಳಂತೆ ರಸ್ತೆಯ ಕಡೆ ನೋಡಿದಳು. ನಾನು ಪಕ್ಕದಲ್ಲಿ ಕೂತೆ. ಉಸಿರು ಸುಧಾರಿಸಿಕೊಳ್ಳುವುದಕ್ಕೆ ಹೊತ್ತು ಬೇಕಾಯಿತು.

"ಬೀಗದ ಕೈ ಪಕ್ಕದ ಮನೇಲಿ ಕೊಟ್ಟಿದೀನಿ" ಎಂದಳು.

"ನಾನು ಆಡಿದ ಮಾತು ವಾಪಸ್ ತಗೊಳ್ಳೋಕೆ ಬರಲ್ಲ ಅಕ್ಕ."

"ಹೌದು. ಬರಲ್ಲ."

"ತಪ್ಪು ನನ್ನದು. ದೇವರ ಹಲಗೆ ಮೇಲೆ ಅದನ್ನ ಇಡಬಾರದಿತ್ತು. ನೀನು ದೇವರಿಗೆ ಅಂತ ಮಾಡಿದೆ. ನಾನೇ ದೇವರಿಗೆ ಅಂತ ಇಟ್ಟಿರಲಿಲ್ಲ."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ನನ್ನ ತೋಳು ಸೋತು ಬಂದಿತ್ತು.

"ಸ್ವಲ್ಪ ಇದನ್ನ ಹಿಡ್ಕೋ. ಕೈ ಬಿದ್ದುಹೋಗ್ತಿದೆ."

"ನಾನು ಮುಟ್ಟಲ್ಲಪ್ಪ. ಮುಟ್ಟಿದ್ರೆ ಇನ್ನೇನು ಕರಗತ್ತೋ!"

"ಕರಗೋದೆಲ್ಲ ಕರಗಿ ಆಯ್ತು. ಇನ್ನು ಕರಗೋಕೆ ಏನೂ ಇಲ್ಲ. ಹಿಡ್ಕೋ."

ಅವಳು ಚೀಲವನ್ನು ಕಾಲ ಬಳಿ ಇಳಿಸಿ ಜಾಡಿಯನ್ನು ಮಡಿಲಿಗೆ ತೆಗೆದುಕೊಂಡಳು. ಒಂದು ಕೈಯಿಂದ ತಳ, ಇನ್ನೊಂದು ಕೈಯಿಂದ ಕಂಠ. ನನ್ನನ್ನೂ ಅವಳು ಹಾಗೇ ಎತ್ತಿಕೊಳ್ಳುತ್ತಿದ್ದಳಂತೆ, ಅಮ್ಮ ಹೇಳುತ್ತಿದ್ದಳು. ನಾನು ಶಾಲೆಯಲ್ಲಿ ಕಂಡದ್ದನ್ನು ಹೇಳಿದೆ. ಸುಣ್ಣದ್ದು, ಸೋಸುಕಾಗದದ್ದು, ಆರಿದ ಹನಿಯದ್ದು. ಅವಳು ಮಧ್ಯೆ ಮಾತಾಡದೆ ಕೇಳಿದಳು. ಮಧ್ಯೆ ಮಾತಾಡದೆ ಕೇಳುವುದು ಅಕ್ಕನ ಸ್ವಭಾವವಲ್ಲ.

ಬಸ್ಸು ಬಂತು. ಬಾಗಿಲು ನಮ್ಮ ಎದುರಿಗೇ ತೆರೆಯಿತು. ಕಂಡಕ್ಟರು ಇಣುಕಿ "ಅಜ್ಜಿ, ಬರ್ತೀರಾ?" ಎಂದ.

ಅಕ್ಕ ನನ್ನ ಮುಖ ನೋಡಿದಳು, ಮಡಿಲಲ್ಲಿದ್ದ ಜಾಡಿ ನೋಡಿದಳು. "ಇದನ್ನ ಹಿಡ್ಕೊಂಡು ಹೇಗಪ್ಪ ಹತ್ತೋದು? ನಿಮ್ಮ ಡ್ರೈವರ್ರು ಬ್ರೇಕ್ ಹಾಕ್ತಾರೆ, ಇದು ಚೆಲ್ಲತ್ತೆ, ಅಪವಾದ ಮತ್ತೆ ನನ್ನ ಮೇಲೇ ಬರತ್ತೆ. ನೀನು ಹೋಗು" ಎಂದಳು.

ಬಸ್ಸು ಹೋಯಿತು. ನಾನು ಅವಳ ಚೀಲ ತೆಗೆದುಕೊಂಡೆ. ಜಾಡಿಯನ್ನು ಮನೆಯವರೆಗೂ ಅವಳೇ ಹೊತ್ತಳು.

ಬೀರುವಿನ ಕೆಳಗಿನ ಅರೆಯಲ್ಲಿ, ಅದು ಮೊದಲಿದ್ದ ಕಡೆ ಇಟ್ಟೆವು. ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿದೆವು. ದೇವರ ಹಲಗೆಯ ಮೇಲೆ ಈಗ ದೀಪ ಮತ್ತು ಲೋಟದ ನೀರು ಮಾತ್ರ. ಮೊದಲ ಕೆಲವು ಬೆಳಿಗ್ಗೆ ಅಲ್ಲಿ ಕೂತರೆ ನನಗೆ ನೋಡಲು ಏನೂ ಇರಲಿಲ್ಲ. ಕಣ್ಣು ಮುಚ್ಚಿದೆ. ಹೆಂಡತಿಯ ನೆನಪು ಬರುತ್ತಿತ್ತು, ಈಗಲೂ ಬರುತ್ತದೆ. ಪ್ರಾರ್ಥನೆಯ ಯಾವ ಮಾತಿನಲ್ಲಿ ಅವಳಿದ್ದಾಳೆ, ಯಾವುದರಲ್ಲಿಲ್ಲ ಎಂದು ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ಅಕ್ಕನ ಮನಸ್ಸೂ ಒಂದೇ ದಿನಕ್ಕೆ ಮೊದಲಿನಂತಾಗಲಿಲ್ಲ. ಅವಳು ಜಾಡಿಯ ಹತ್ತಿರ ಹೋಗುವಾಗ "ನೋಡಲಾ?" ಎಂದು ನನ್ನನ್ನು ಕೇಳಿಯೇ ಹೋಗುತ್ತಿದ್ದಳು. ಆ ಕೇಳುವಿಕೆ ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಬಿಸಿಲುಕಾಲ ಬಂತು, ಹೋಯಿತು. ನೀರು ಇಳಿಯುತ್ತಾ ಇಳಿಯುತ್ತಾ ಜಾಡಿಯ ಸೊಂಟಕ್ಕೆ ಬಂತು, ಸೊಂಟದಿಂದಲೂ ಕೆಳಗಿಳಿಯಿತು.

ಒಂದು ಬೆಳಿಗ್ಗೆ ನಾನು ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಒಳಗಿನಿಂದ ಅಕ್ಕನ ಕೂಗು ಕೇಳಿಸಿತು. "ಪುಟ್ಟಾ! ಬಾರೋ ಇಲ್ಲಿ!"

ಹೋಗಿ ನೋಡಿದರೆ ಅವಳು ಬೀರುವಿನ ಮುಂದೆ ನೆಲದ ಮೇಲೆ ಕೂತು ಜಾಡಿಗೆ ಮೂಗು ತಾಗಿಸಿದ್ದಳು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವಳಿಗೆ ನನಗಿಂತ ಚೆನ್ನಾಗಿ ಕಾಣುತ್ತದೆ. ತಳದಲ್ಲಿ ಸಕ್ಕರೆಯ ಕಾಳಿನಷ್ಟು ಏನೋ ಮಿನುಗುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು.

"ಅದೇನಾ?" ಎಂದಳು.

"ಅದೇ ಇರಬೇಕು."

"ದಾರ ಕಟ್ಟಬೇಕಲ್ವಾ?"

"ಕಟ್ಟಬೇಕು. ಇನ್ನೂ ಸ್ವಲ್ಪ ದಪ್ಪಗಾಗಲಿ."

"ಸೂಜಿಗೆ ದಾರ ಪೋಣಿಸೋಕೇ ನಿನ್ನ ಕಣ್ಣು ಸಾಲಲ್ಲ. ಇದಕ್ಕೆ ನಾನೇ ಕಟ್ತೀನಿ ಬಿಡು." ಕೇಳಲಿಲ್ಲ, ಹೇಳಿದಳು.

"ಕಟ್ಟು" ಎಂದೆ. ಬಾಗಿಲ ತನಕ ಹೋಗಿ ತಿರುಗಿ ನೋಡಿದೆ. "ನೀರು ಮಾತ್ರ ಬದಲಾಯಿಸಬೇಡ, ಅಷ್ಟೇ."

ಹೇಳಿಬಿಟ್ಟೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ. ಅಕ್ಕ ಕೈಗೆ ಸಿಕ್ಕಿದ ನನ್ನ ಅಳತೆಪಟ್ಟಿಯನ್ನೇ ಸುರುಳಿ ಸುತ್ತಿ ನನ್ನ ಮೇಲೆಸೆದಳು. "ಹೋಗೋ ಅಂಗಡಿಗೆ, ದೊಡ್ಡ ವಿಜ್ಞಾನಿ!" ಎಂದಳು. ನಗುತ್ತಿದ್ದಳು.